ನೆಪ ಮುಗಿದರೂ ಕೈ ತೆಗೆಯಬೇಡಿ

ನಮಸ್ಕಾರ. ಮಾಟುಂಗಾದಿಂದ ಡೊಂಬಿವಲಿಯವರೆಗೆ ಕಿರುಚಿತ್ರ ಮಾಡಲು ಹೊರಟಿರುವ ಮುಂಬಯಿ ಕನ್ನಡಿಗರಿಗೆ ಇವತ್ತಿನ ಮಾತು. ಸಲಿಂಗ ಪ್ರೇಮದ ಕಥೆ ಅಂದ ತಕ್ಷಣ ನೀವು ಬರೆಯುವ ಮೊದಲ ದೃಶ್ಯ ಯಾವುದು ಅಂತ ಹೇಳಲಾ? ಬಚ್ಚಲಿನ ಕನ್ನಡಿ, ಮುಖಕ್ಕೆ ನೀರು ಎರಚಿಕೊಳ್ಳುವ ನಾಯಕ, ಹಿಂದೆ ಪಿಯಾನೊ. ಹರಿದು ಹಾಕಿ. ಕನ್ನಡಿ ಮುಂದೆ ಯಾರಿಗೂ ಜ್ಞಾನೋದಯ ಆಗಲ್ಲ, ಹಲ್ಲುಜ್ಜುತ್ತಾರೆ ಅಷ್ಟೆ.

ನಮ್ಮ ಮನೆಗಳು ಕೆಲವು ಸ್ಪರ್ಶಗಳನ್ನು ಮೊದಲೇ ಒಪ್ಪಿಕೊಂಡುಬಿಟ್ಟಿವೆ. ತಲೆಗೆ ಎಣ್ಣೆ ಹಚ್ಚುವುದು, ಕಾಲು ಒತ್ತುವುದು, ಜಡೆ ಹೆಣೆಯುವುದು, ನೆಂಟರು ತುಂಬಿದಾಗ ಒಂದೇ ಚಾಪೆ ಹಂಚಿಕೊಳ್ಳುವುದು. ಇಬ್ಬರೂ ಗಂಡಸರು ಅಥವಾ ಇಬ್ಬರೂ ಹೆಂಗಸರು ಆಗಿದ್ದರೆ ಸಾಕು, ಯಾರೂ ಹುಬ್ಬೇರಿಸಲ್ಲ. ಆ ಕೆಲಸಗಳ ನೆಪದಲ್ಲಿ ಆಸೆ ಬಂದು ಕೂರುವುದು ಅಲ್ಲೇ.

ಇಬ್ಬರು ವಾರಗಿತ್ತಿಯರ ಪ್ರೇಮದ ಕಥೆ ಹೇಳುವ ದೀಪಾ ಮೆಹ್ತಾ ಅವರ ‘ಫೈರ್’ ಚಿತ್ರದ ಪಿಕ್ನಿಕ್ ದೃಶ್ಯ ಇನ್ನೊಮ್ಮೆ ನೋಡಿ. ಇಡೀ ಕುಟುಂಬ ಕೂತಿದೆ. ಸೀತಾ ತನ್ನ ವಾರಗಿತ್ತಿ ರಾಧಾಳ ಪಾದ ಒತ್ತುತ್ತಾಳೆ, ಗಂಡಂದಿರ ಎದುರಿಗೇ. ರಾಧಾಳ ಗಂಡನಿಗೆ ಅದರಲ್ಲಿ ಕಾಣುವುದು ಒಳ್ಳೆಯ ಸಂಸಾರದ ಲಕ್ಷಣ! 1998ರ ಡಿಸೆಂಬರ್ 2ರಂದು ಇದೇ ಊರಿನ ಗೋರೆಗಾಂವ್‌ನಲ್ಲಿ ಶಿವಸೈನಿಕರು ಥಿಯೇಟರಿಗೆ ನುಗ್ಗಿ ಪ್ರದರ್ಶನ ನಿಲ್ಲಿಸಿದರು. ಮರುಪರಿಶೀಲನೆಗೆ ಹೋದ ಚಿತ್ರವನ್ನು ಸೆನ್ಸಾರ್ ಮಂಡಳಿ 1999ರಲ್ಲಿ ಮತ್ತೆ ಕತ್ತರಿಯಿಲ್ಲದೆ ಬಿಟ್ಟಿತು. ನನ್ನ ಪ್ರಕಾರ ಚಿತ್ರದ ನಿಜವಾದ ಧೈರ್ಯ ಇರುವುದು ಹಾಸಿಗೆಯ ದೃಶ್ಯದಲ್ಲಲ್ಲ, ಆ ಪಾದದ ಹತ್ತಿರ.

ಇದನ್ನು ಚಿತ್ರಿಸುವುದು ಹೇಗೆ? ಮೊದಲು ರಿಹರ್ಸಲ್‌ನಲ್ಲಿ ಎಣ್ಣೆ ಹಚ್ಚುವುದನ್ನು ಬರೀ ಕೆಲಸದ ಹಾಗೆ ಮಾಡಿಸಿ, ಭಾವ ಗೀವ ಬೇಡ. ಸ್ಟಾಪ್‌ವಾಚ್ ಹಿಡಿಯಿರಿ. 40 ಸೆಕೆಂಡು ಬಂತು ಅಂದುಕೊಳ್ಳಿ. ಶೂಟಿಂಗ್ ದಿನ 40ಕ್ಕೆ ಕಟ್ ಹೇಳಬೇಡಿ. ಕೆಲಸ ಮುಗಿದಿದೆ, ಕೈ ಇನ್ನೂ ಮೂರು ಸೆಕೆಂಡು ಅಲ್ಲೇ ಇದೆ. ಆ ಮೂರು ಸೆಕೆಂಡು, ಅಂದರೆ ಸೆಕೆಂಡಿಗೆ 24ರ ಲೆಕ್ಕದಲ್ಲಿ 72 ಫ್ರೇಮು, ಅದಕ್ಕೋಸ್ಕರವೇ ನೀವು ಇಷ್ಟೆಲ್ಲ ಖರ್ಚು ಮಾಡಿರುವುದು. ಹತ್ತು ಸೆಕೆಂಡು ಎಳೆದರೆ ಕೂದಲೆಣ್ಣೆ ಜಾಹೀರಾತಾಗುತ್ತದೆ. ಒಂದೇ ಸೆಕೆಂಡಾದರೆ ಎಡಿಟರ್ ಕಟ್ ಮಾಡಲು ಮರೆತ ಅನ್ನಿಸುತ್ತದೆ. ಬಹಳ ಜನ ಎಡವುವುದು ಇಲ್ಲಿ: ಧೈರ್ಯ ಸಾಲದೆ ಕಣ್ಣೀರಿನ ಕ್ಲೋಸಪ್‌ಗೆ ಹಾರುತ್ತಾರೆ. ಹಾರಬೇಡಿ. ಬದಲಿಗೆ ಅದೇ ಫ್ರೇಮಿನ ಹಿಂಬದಿಯಲ್ಲಿ ಅಕ್ಕಿ ಆರಿಸುವ ಅಮ್ಮನನ್ನು ಕೂರಿಸಿ. ನೋಡುವವರು ಪಕ್ಕದಲ್ಲೇ ಇದ್ದರೆ ಆ ಮೂರು ಸೆಕೆಂಡಿಗೆ ಎದೆ ಹೊಡೆದುಕೊಳ್ಳುತ್ತದೆ. ಇನ್ನೊಂದು ಮಾತು: ಕೈ ಎಲ್ಲಿಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಇಬ್ಬರೂ ಕಲಾವಿದರ ಜೊತೆ ಮೊದಲೇ ಮಾತಾಡಿ ಬರೆದಿಡಿ. ಸೆಟ್ಟಿನಲ್ಲಿ ಸ್ಫೂರ್ತಿ ಬಂತು ಅಂತ ಅದನ್ನು ಬದಲಾಯಿಸುವ ಹಾಗಿಲ್ಲ.

ಲೆನ್ಸ್ ವಿಷಯ. ಚಾಳಿನ ಹತ್ತು-ಹನ್ನೆರಡು ಅಡಿಯ ಖೋಲಿಯಲ್ಲಿ ಕ್ಯಾಮೆರಾ ಗೋಡೆಗೆ ಅಂಟಿಸಿದರೂ ಪಾತ್ರಕ್ಕೂ ಅದಕ್ಕೂ ಸುಮಾರು ಎಂಟು ಅಡಿ ಸಿಗುತ್ತದೆ. ಫುಲ್ ಫ್ರೇಮ್ ಕ್ಯಾಮೆರಾಕ್ಕೆ (ಸೆನ್ಸರ್ 36 ಎಂಎಂ ಅಗಲ ಇರುವಂಥದ್ದು) 85 ಎಂಎಂ ಲೆನ್ಸ್ ಹಾಕಿದರೆ ಅಷ್ಟು ದೂರದಿಂದ ಕಾಣುವುದು ಅಗಲ ಮೂರೂವರೆ ಅಡಿಗಿಂತ ಕಡಿಮೆ, ಅಂದರೆ ಒಬ್ಬರ ತಲೆ ಮತ್ತು ಭುಜ. ಹಿಂದೆಲ್ಲ ಮಸುಕು, ಅಮ್ಮನೂ ಮಸುಕು. 35 ಎಂಎಂ ಹಾಕಿ, ಎಂಟು ಅಡಿ ಅಗಲ ಸಿಗುತ್ತದೆ, ಇಬ್ಬರೂ ಅಮ್ಮನೂ ಸ್ಟೌವೂ ಒಳಗೆ ಬರುತ್ತವೆ. ಪಾತ್ರಗಳು ನೆಲದ ಮೇಲೆ ಕೂತಿದ್ದರೆ ಲೆನ್ಸೂ ಅವರ ಕಣ್ಣಿನ ಮಟ್ಟಕ್ಕೆ, ಎರಡೂವರೆ ಅಡಿಗೆ ಇಳಿಯಲಿ. ನಿಂತವನ ಎತ್ತರದಿಂದ ತೆಗೆದರೆ ಪೊಲೀಸ್ ತಪಾಸಣೆ ಕಂಡ ಹಾಗಿರುತ್ತದೆ.

ರೋಹನ್ ಪರಶುರಾಮ್ ಕಾನವಡೆ ಅವರ ಮರಾಠಿ ಚಿತ್ರ ‘ಸಾಬರ್ ಬೋಂಡ’ 2025ರಲ್ಲಿ ಅಮೆರಿಕದ ಚಿತ್ರೋತ್ಸವ ಸನ್‌ಡಾನ್ಸ್‌ನ ವಿಶ್ವ ಸಿನಿಮಾ ವಿಭಾಗದ ಗ್ರ್ಯಾಂಡ್ ಜ್ಯೂರಿ ಪ್ರಶಸ್ತಿ ತಂದಿತಲ್ಲ, ಅದರಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಅಪ್ಪ ಸತ್ತ ಮೇಲೆ ಹತ್ತು ದಿನದ ಸೂತಕಕ್ಕೆ ಮುಂಬಯಿಯಿಂದ ಊರಿಗೆ ಹೋಗುವ ಆನಂದನಿಗೆ ತಾನು ಯಾರೆಂದು ಮೊದಲೇ ಗೊತ್ತು. ಅವನಮ್ಮನಿಗೂ ಗೊತ್ತು. ಅವನು ಕಂಡುಕೊಳ್ಳಬೇಕಾದದ್ದು ಬೇರೆ: ಊರಿನ ಹಳೆಯ ಗೆಳೆಯ, ಬಾಲ್ಯ ಅನ್ನುವವನ ಜೊತೆ ಬದುಕು ಸಾಧ್ಯವೇ ಅಂತ. ‘ಅಮ್ಮಾ, ನಿನಗೊಂದು ವಿಷಯ ಹೇಳಬೇಕು’ ಅನ್ನುವ ಸಂಭಾಷಣೆಗೆ ಜೋತುಬಿದ್ದವರು ಈ ಚಿತ್ರವನ್ನು ಎರಡು ಸಲ ನೋಡಲಿ.

ಮೈಸೂರು ಅಸೋಸಿಯೇಷನ್ನಿನಂಥ ವೇದಿಕೆಗಳಲ್ಲಿ ನಾಟಕ ಆಡಿ ಬಂದ ಕಲಾವಿದರಿಗೆ ದನಿ ಕೊನೆಯ ಸಾಲಿಗೆ ಮುಟ್ಟಿಸಿ ಅಭ್ಯಾಸ. ಅವರಿಗೆ ‘ಕಡಿಮೆ ಮಾಡಿ’ ಅಂದರೆ ಗೊಂದಲವಾಗುತ್ತದೆ. ಕೈಗೆ ಕೆಲಸ ಕೊಡಿ, ಬಟಾಣಿ ಸುಲಿಯಲಿ, ಪಂಚೆ ಮಡಚಲಿ. ದನಿ ತಾನಾಗಿ ಇಳಿಯುತ್ತದೆ.

ತೋರಿಸುವುದೆಲ್ಲಿ? ಸಲಿಂಗಿಗಳ, ಲಿಂಗಾಂತರಿಗಳ ಕಥೆಗಳಿಗೇ ಮೀಸಲಾದ ಕಶಿಶ್ ಚಿತ್ರೋತ್ಸವ 2010ರಿಂದ ಮುಂಬಯಿಯಲ್ಲೇ ಇದೆ. ಅದನ್ನು ಕಟ್ಟಿದ ಶ್ರೀಧರ್ ರಂಗಾಯನ್ ಹುಟ್ಟಿದ್ದು ನಮ್ಮ ಮಂಡ್ಯದಲ್ಲಿ. ಅವರ ‘ಗುಲಾಬಿ ಆಯಿನಾ’ ಚಿತ್ರಕ್ಕೆ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ನಿರಾಕರಿಸಿತ್ತು.

ಇಷ್ಟಾದರೂ ಮುಂಬಯಿ ಕನ್ನಡಿಗರ ಅತ್ಯಂತ ದೊಡ್ಡ ಕಥೆಗೆ ಯಾರೂ ಕೈ ಹಾಕುತ್ತಿಲ್ಲ ಅನ್ನುವುದು ನನ್ನ ದೂರು. ಉಡುಪಿ ಹೋಟೆಲಿನ ಶಟರ್ ಇಳಿದ ಮೇಲೆ ಮೇಜು ಜೋಡಿಸಿ ಸಾಲಾಗಿ ಮಲಗುತ್ತಿದ್ದ ಹುಡುಗರು, ಹಗಲು ಕೆಲಸ, ಸಂಜೆ ರಾತ್ರಿಶಾಲೆ. ಮೈಗೆ ಮೈ ತಾಗಿದರೂ ಪ್ರಶ್ನೆಯಿಲ್ಲದ ಜಾಗ. ನೆಪ ಹುಡುಕುವ ಕಷ್ಟವೇ ಇಲ್ಲ. ಮಾಡುವುದಾದರೆ ಎರಡು ಎಚ್ಚರಿಕೆ. ಟ್ಯೂಬ್‌ಲೈಟ್ ಆರಿಸಿ, ಗಲ್ಲಾಪೆಟ್ಟಿಗೆ ಮೇಲಿನ ದೇವರ ಬಲ್ಬಿನ ಬೆಳಕಿನಿಂದ ಶುರು ಮಾಡಿ. ಎರಡನೆಯದು ಫ್ರಿಜ್. ಅದರ ಕಂಪ್ರೆಸರ್ ಒಂದು ಟೇಕಿನಲ್ಲಿ ಗುಂಯ್ ಅನ್ನುತ್ತದೆ, ಮುಂದಿನ ಟೇಕಿನಲ್ಲಿ ಸುಮ್ಮನಿರುತ್ತದೆ, ಎಡಿಟಿಂಗ್‌ನಲ್ಲಿ ಒಂದಕ್ಕೊಂದು ಕೂಡುವುದಿಲ್ಲ. ಆಫ್ ಮಾಡಿ, ಮೂವತ್ತು ಸೆಕೆಂಡು ಖಾಲಿ ಕೋಣೆಯ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ನಿಮ್ಮ ಬೈಕಿನ ಕೀಲಿಯನ್ನು ಫ್ರಿಜ್ಜಿನೊಳಗೇ ಇಡಿ, ಅದನ್ನು ತೆಗೆಯುವಾಗ ಫ್ರಿಜ್ ಆನ್ ಮಾಡುವುದು ನೆನಪಾಗುತ್ತದೆ. ಆನ್ ಮಾಡಲು ಮರೆತು ಮನೆಗೆ ಹೊರಟರೆ ಬೆಳಿಗ್ಗೆ ಮಾಲೀಕರ ದೋಸೆಹಿಟ್ಟು ಪೂರ್ತಿ ಹುಳಿಯಾಗಿರುತ್ತದೆ, ಅಲ್ಲಿ ಎರಡನೇ ದಿನದ ಶೂಟಿಂಗ್ ಇರಲ್ಲ.