ಮರಳು, ಹಲಗೆ, ಕಡತ: ನಮ್ಮ ಕೂಲಿಮಠಗಳ ಕಥೆ

ಹಿರಿಯರೇ, ಶಿಕ್ಷಕ ಬಂಧುಗಳೇ,

ಕಡತ ಎಂದೊಡನೆ ಇಂದು ನಮಗೆ ನೆನಪಾಗುವುದು ಸರ್ಕಾರಿ ಕಚೇರಿ. ಇನ್ನೂರು ವರ್ಷಗಳ ಹಿಂದೆ ಅದು ಕೂಲಿಮಠಕ್ಕೆ, ಎಂದರೆ ಊರಿನ ಹಳೆಯ ಕಾಲದ ಶಾಲೆಗೆ, ಹೋಗುವ ಹಳ್ಳಿಯ ಹುಡುಗನ ಕಂಕುಳಲ್ಲಿರುತ್ತಿತ್ತು. ಬಟ್ಟೆಗೆ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂತೆ ಮಡಿಕೆಗಳಾಗಿ ಮಡಚಿ, ಇದ್ದಿಲಿನ ಪುಡಿಗೆ ಅಂಟು ಕಲಸಿ ಬಳಿದರೆ ಕಡತ ಸಿದ್ಧ. ಬಳಪದಿಂದ ಬರೆಯುವುದು, ಒದ್ದೆ ಬಟ್ಟೆಯಿಂದ ಒರೆಸುವುದು, ಮತ್ತೆ ಬರೆಯುವುದು. ಹಲಗೆಯೂ ಹೀಗೆಯೇ: ಒಂದಡಿ ಅಗಲ, ಮೂರಡಿ ಉದ್ದದ ಮರಕ್ಕೆ ಅನ್ನ ಮತ್ತು ಇದ್ದಿಲು ಸವರಿದ್ದು. ಇವೆರಡಕ್ಕೂ ಮೊದಲು, ನೆಲದ ಮರಳಿನಲ್ಲಿ ಬೆರಳಿಂದ ತಿದ್ದುವುದು.

ಈ ವಿವರಗಳು ಉಳಿದಿರುವುದು ಒಂದು ವರದಿಯಲ್ಲಿ. 1822ರಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಜಿಲ್ಲೆಜಿಲ್ಲೆಯ ಶಾಲೆಗಳ ಲೆಕ್ಕ ಕೇಳಿದ. ಮರುವರ್ಷ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಉತ್ತರ ಬರೆದ: 533 ಶಾಲೆಗಳು, 6,641 ಮಕ್ಕಳು. ಕನ್ನಡದವು 235, ತೆಲುಗಿನವು 226, ಇಂಗ್ಲಿಷಿನದು ಒಂದೇ ಒಂದು. ಭಾಗಿಸಿ ನೋಡಿ, ಶಾಲೆಗೆ ಹನ್ನೆರಡು ಮಕ್ಕಳು. ಅಷ್ಟು ಮಂದಿಗೆ ಗುಡಿಯ ಜಗಲಿಯೋ ಐಗಳ, ಎಂದರೆ ಮೇಷ್ಟ್ರ, ಪಡಸಾಲೆಯೋ ಸಾಕಾಗುತ್ತಿತ್ತು.

ಬೆಳಗಿನ ಆರು ಗಂಟೆಯ ಹೊತ್ತಿಗೆ ಶಾಲೆ ಶುರು. ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಐಗಳು ‘ಸರಸ್ವತಿ’ ಎಂದು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಸೊನ್ನೆ. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುತ್ತಿತ್ತು. ಕೊನೆಗೆ ಬಂದ ಮಗುವಿನ ಅಂಗೈಯನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ತಡವಾದದ್ದು ದನ ಬಿಡಲು ಹೋಗಿದ್ದಕ್ಕೂ ಇರಬಹುದಲ್ಲವೇ?

ಒಬ್ಬರೇ ಐಗಳು ಎಲ್ಲ ವಯಸ್ಸಿನ ಮಕ್ಕಳನ್ನು ಹೇಗೆ ನಿಭಾಯಿಸಿದರು ಎಂಬುದೇ ನನಗೆ ಮುಖ್ಯವಾದ ಪ್ರಶ್ನೆ. ಮುಂದಿನ ಪಾಠದವರನ್ನು ಐಗಳೇ ನೋಡಿಕೊಳ್ಳುತ್ತಿದ್ದರು; ಚಿಕ್ಕವರನ್ನು ದೊಡ್ಡ ಹುಡುಗರಿಗೆ ಒಪ್ಪಿಸುತ್ತಿದ್ದರು. ಕಲಿಸುತ್ತ ಕಲಿಸುತ್ತ ದೊಡ್ಡವರ ಪಾಠವೂ ಗಟ್ಟಿಯಾಗುತ್ತಿತ್ತು. ಇದನ್ನು ಮೆಚ್ಚಿದ ಕ್ಯಾಂಪ್‌ಬೆಲ್, ಇಂಗ್ಲೆಂಡ್ ಈ ಕ್ರಮವನ್ನು ಅನುಸರಿಸಿದ್ದು ಸರಿಯೇ ಎಂದು ಬರೆದ. ಅವನಿಗಿಂತ ಮೊದಲೇ ಮದ್ರಾಸಿನಲ್ಲಿದ್ದ ಆಂಡ್ರ್ಯೂ ಬೆಲ್, ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಅನಾಥಾಲಯದ ಶಾಲೆಯಲ್ಲಿ ಅಳವಡಿಸಿಕೊಂಡಿದ್ದ. ಅಲ್ಲಿ ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸಿ, 1797ರಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿನಲ್ಲಿ ಹಬ್ಬಿತು.

ಅಭಿಮಾನದ ಭರದಲ್ಲಿ ಕೊರತೆಗಳನ್ನು ಮರೆಯಬಾರದು. ಆ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಕೇವಲ 60. ಪದ್ಯಗಳನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಅರ್ಥ ಗಿಳಿಗೆ ತಿಳಿದಷ್ಟೇ ಎಂದು ಅದೇ ವರದಿ ಹೇಳುತ್ತದೆ. ಇನ್ನೂ ನೋವಿನ ಮಾತೊಂದಿದೆ: ಹಿಂದೆ ಶಾಲೆಯಿದ್ದ ಎಷ್ಟೋ ಹಳ್ಳಿಗಳಲ್ಲಿ ಆ ಹೊತ್ತಿಗಾಗಲೇ ಶಾಲೆಯೇ ಇರಲಿಲ್ಲ. ನಾಡಿಗೆ ಬಡತನ ಬಂದದ್ದೇ ಕಾರಣ, ಯೂರೋಪಿನ ಬಟ್ಟೆ ಬಂದು ಇಲ್ಲಿನ ನೇಕಾರಿಕೆ ಕುಗ್ಗಿದ್ದೂ ಅದರಲ್ಲಿ ಸೇರಿದೆ ಎಂದು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾದ ಕ್ಯಾಂಪ್‌ಬೆಲ್ಲನೇ ಬರೆದಿದ್ದಾನೆ. ಮಗ್ಗ ನಿಂತ ಮನೆಯ ಮಗು ಐಗಳಿಗೆ ಏನು ಕೊಟ್ಟೀತು?

ಸ್ವಾತಂತ್ರ್ಯದ ನಂತರವೂ ಒಂದೇ ಕೋಣೆಯ, ಏಕೋಪಾಧ್ಯಾಯ ಶಾಲೆಗಳು ಹಳ್ಳಿಹಳ್ಳಿಯಲ್ಲಿದ್ದವು. 1987ರಲ್ಲಿ ಆರಂಭವಾದ ಕಪ್ಪುಹಲಗೆ ಕಾರ್ಯಾಚರಣೆ ಯೋಜನೆ, ಪ್ರತಿ ಶಾಲೆಗೂ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು ಇರಬೇಕೆಂದಿತು. ಅದು ಬೇಕಾದದ್ದೇ. ಆದರೆ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ, ನಲಿಯುತ್ತ ಕಲಿಯುವ ‘ನಲಿ-ಕಲಿ’ ಪದ್ಧತಿಯ ತರಗತಿಗೆ ಹೋಗಿ ನೋಡಿ. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಗುಂಪಾಗಿ ಕೂತು, ತಮ್ಮ ತಮ್ಮ ಕಲಿಕೆಯ ಮೆಟ್ಟಿಲಿಗೆ ತಕ್ಕ ಕಾರ್ಡು ಹಿಡಿದಿರುತ್ತಾರೆ. ಒಬ್ಬಳು ಪಕ್ಕದ ಪುಟ್ಟನ ಕೈ ಹಿಡಿದು ‘ಅ’ ತಿದ್ದಿಸುತ್ತಿರುತ್ತಾಳೆ. ಅಂದು ಲೆಕ್ಕದಲ್ಲಿ ಅರವತ್ತೇ ಇದ್ದ ಹೆಣ್ಣುಮಕ್ಕಳ ಕೈಯಲ್ಲಿ ಇಂದು ಆ ಬಳಪವಿದೆ.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ಮನೆಯ ಅಟ್ಟದಲ್ಲಿ ಕಪ್ಪು ಬಳಿದ, ಮಡಿಕೆಬಿದ್ದ ಬಿರುಸು ಬಟ್ಟೆ ಕಂಡರೆ ದಯವಿಟ್ಟು ಒಗೆಯಬೇಡಿ, ಒಲೆಗೂ ಹಾಕಬೇಡಿ. ಒಣಗಿದ ಜಾಗದಲ್ಲಿಟ್ಟು, ಹಳೆಯ ಕೈಬರಹ ಓದಬಲ್ಲವರಿಗೆ ತೋರಿಸಿ. ಒದ್ದೆ ಕೈ ಮಾತ್ರ ತಾಗಿಸಬೇಡಿ, ಅಕ್ಷರ ಅಳಿಸಿಹೋಗುತ್ತದೆ.