ವಾರಕ್ಕೆ ಹತ್ತು ನಿಮಿಷ: ಶಾಲೆ ಕಂಪ್ಯೂಟರಿನ ಬೀಗ ಮತ್ತು ಅದನ್ನು ದಾಟಲು ನೋಡುವ ಮಕ್ಕಳು

ನಮಸ್ಕಾರ, ಎಲ್ಲರಿಗೂ. ಜಮಖಂಡಿ ಕಡೆಯ ಒಬ್ಬ ಹತ್ತನೇ ಕ್ಲಾಸಿನ ಹುಡುಗ ನನಗೆ ಮೆಸೇಜ್ ಮಾಡಿದ್ದ. "ಅಕ್ಕಾರ, ನಮ್ ಸಾಲಿ ಕಂಪ್ಯೂಟರ್‌ನ್ಯಾಗ ಯೂಟ್ಯೂಬ್ ಬಂದ್ ಮಾಡ್ಯಾರ್ರಿ. ಅದನ್ನ ತಗಿಯೂದು ಹ್ಯಾಂಗ್ರಿ?"

ಇಂಥ ಪ್ರಶ್ನೆ ನನಗೆ ತುಂಬಾ ಬರುತ್ತವೆ. ಸುಮ್ನೆ ಬಿಟ್ಟುಬಿಡುತ್ತಿದ್ದೆ. ಈ ಸಲ ಯಾಕೋ ತಿರುಗಿ ಕೇಳಿದೆ, ಯೂಟ್ಯೂಬಿನಲ್ಲಿ ಏನು ನೋಡಬೇಕು ನಿನಗೆ ಅಂತ. ಸಿನಿಮಾ ಹಾಡು ಅಂತಾನೆ, ಗೇಮ್ ಅಂತಾನೆ ಅಂದುಕೊಂಡಿದ್ದೆ. ಅವನು ಬರೆದದ್ದು: "ಬೆಳಕಿನ ವಕ್ರೀಭವನ."

ಆ ಎರಡು ಪದ ನನ್ನನ್ನು ಎರಡು ವಾರ ಬಿಡಲಿಲ್ಲ. ಈ ವಿಡಿಯೋ ಅಲ್ಲಿಂದ ಹುಟ್ಟಿದ್ದು.

[ಪರದೆ ಮೇಲೆ: ಬೀಗ ಹಾಕಿದ ಲ್ಯಾಬ್ ಬಾಗಿಲು, ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿಗಳು]

ಮೊದಲು ಬೀಗ ಹೇಗೆ ಕೆಲಸ ಮಾಡುತ್ತದೆ, ಬೇಗ ನೋಡಿಬಿಡೋಣ. ಶಾಲೆಯ ಎಲ್ಲಾ ಕಂಪ್ಯೂಟರುಗಳೂ ಒಂದೇ ಬಾಗಿಲಿನಿಂದ ಇಂಟರ್ನೆಟ್ಟಿಗೆ ಹೋಗುತ್ತವೆ. ಆ ಬಾಗಿಲಲ್ಲಿ ಒಬ್ಬ ಕಾವಲುಗಾರ ನಿಂತಿರುತ್ತಾನೆ, ಅಂದರೆ ಒಂದು ಸಾಫ್ಟ್‌ವೇರ್. ಅವನ ಕೈಯಲ್ಲಿ ಒಂದು ಪಟ್ಟಿ. ಪಟ್ಟಿಯಲ್ಲಿರುವ ಹೆಸರು ಬಂದರೆ ಬಿಡುವುದಿಲ್ಲ. ಬಹಳ ಕಡೆ ಈ ತಡೆ ಡಿಎನ್‌ಎಸ್ ಅನ್ನುವ ಜಾಗದಲ್ಲಿ ಇರುತ್ತದೆ.

ಇದನ್ನು ನಮ್ಮೂರಿನ ಲೆಕ್ಕದಲ್ಲಿ ಹೇಳುತ್ತೇನೆ. 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರ ಆಯಿತು, ಬೆಳಗಾಂ ಬೆಳಗಾವಿ ಆಯಿತು, ಗುಲ್ಬರ್ಗಾ ಕಲಬುರಗಿ ಆಯಿತು. ಹೆಸರು ಬದಲಾಯಿತು. ಊರು ಎದ್ದು ಬೇರೆ ಕಡೆ ಹೋಯಿತಾ? ಗೋಲಗುಮ್ಮಟ ಇದ್ದಲ್ಲೇ ಇದೆ. ಈಗ ಒಬ್ಬ ಕಾವಲುಗಾರನಿಗೆ "ಬಿಜಾಪುರ ಅಂತ ಬೋರ್ಡ್ ಇರುವ ಬಸ್ ಬಿಡಬೇಡ" ಅಂತ ಹೇಳಿದರೆ ಏನಾಗುತ್ತದೆ? ವಿಜಯಪುರ ಅಂತ ಬೋರ್ಡ್ ಹಾಕಿಕೊಂಡ ಬಸ್ ಅವನ ಮುಂದೆಯೇ ಹಾದು ಅದೇ ಊರಿಗೆ ಹೋಗುತ್ತದೆ. ಅವನು ತಡೆದದ್ದು ಬೋರ್ಡನ್ನು, ಊರನ್ನಲ್ಲ.

ಇನ್ನೊಂದು ಸಂಗತಿ ಇದೆ, ನನಗೆ ಇದು ಬಹಳ ಇಷ್ಟ. ರೈಲ್ವೆಯವರು ಪ್ರತಿ ಸ್ಟೇಷನ್ನಿಗೂ ಒಂದು ಚಿಕ್ಕ ಕೋಡ್ ಇಟ್ಟಿರುತ್ತಾರೆ. ವಿಜಯಪುರದ ಬೋರ್ಡ್ ಬದಲಾಯಿತು, ಕೋಡ್ ಮಾತ್ರ ಹಳೆಯದೇ: ಬಿ, ಜೆ, ಪಿ. ರಾಜಕೀಯ ಏನಿಲ್ಲ, ಬಿಜಾಪುರದ ಬಿಜೆಪಿ ಅಷ್ಟೇ. ಬೆಳಗಾವಿಯದು ಇವತ್ತಿಗೂ ಬಿ, ಜಿ, ಎಂ. ಟಿಕೆಟ್ ತೆಗೆಯುವಾಗ ನಾವು ಊರಿನ ಹೆಸರು ಹೇಳುತ್ತೇವೆ, ಒಳಗಿನ ವ್ಯವಸ್ಥೆ ಕೋಡ್ ಹಿಡಿದು ನಡೆಯುತ್ತದೆ. ಇಂಟರ್ನೆಟ್ ಕೂಡ ಹಾಗೆಯೇ. ನಾವು ಟೈಪ್ ಮಾಡುವುದು ಹೆಸರು. ಡಿಎನ್‌ಎಸ್ ಆ ಹೆಸರನ್ನು ಐಪಿ ಅಡ್ರೆಸ್ ಅನ್ನುವ ಅಂಕಿಗಳಿಗೆ ತಿರುಗಿಸಿ ಕೊಡುತ್ತದೆ. ಕಂಪ್ಯೂಟರ್ ಹೋಗುವುದು ಆ ಅಂಕಿಯ ಕಡೆಗೆ. ಶಾಲೆಯವರು ಡಿಎನ್‌ಎಸ್‌ಗೆ "ಈ ಹೆಸರು ಕೇಳಿದರೆ ಅಂಥ ಊರೇ ಇಲ್ಲ ಅಂದುಬಿಡು" ಅಂತ ಹೇಳಿಕೊಟ್ಟಿರುತ್ತಾರೆ.

ಹಾಗಾಗಿ ಮಕ್ಕಳು ಬೇರೆ ಬೋರ್ಡಿನ ಬಸ್ ಹುಡುಕುತ್ತಾರೆ. ಅದಕ್ಕೇ ಪ್ರಾಕ್ಸಿ, ವಿಪಿಎನ್ ಅಂತೆಲ್ಲ ಹೆಸರು. ಅಂದರೆ ನಡುವೆ ಇರುವ ಬೇರೊಂದು ಕಂಪ್ಯೂಟರಿನ ಮೂಲಕ ಆ ಸೈಟಿಗೆ ಹೋಗುವ ದಾರಿ. ಶಾಲೆಯವರು ಆ ಬೋರ್ಡನ್ನೂ ಪಟ್ಟಿಗೆ ಸೇರಿಸುತ್ತಾರೆ. ಮಕ್ಕಳು ಇನ್ನೊಂದು ಹುಡುಕುತ್ತಾರೆ. ಈ ಓಟ ಮುಗಿಯುವುದಿಲ್ಲ.

ಕೆಲವು ಕಾವಲುಗಾರರು ಊರಿನ ಹೆಸರು ಬಿಟ್ಟು ಪದಗಳನ್ನು ಹಿಡಿಯುತ್ತಾರೆ, ಅಲ್ಲಿ ಇನ್ನೂ ಎಡವಟ್ಟು. 1996ರಲ್ಲಿ ಎಒಎಲ್ ಅನ್ನುವ ಇಂಟರ್ನೆಟ್ ಕಂಪನಿಯ ಫಿಲ್ಟರ್, ಇಂಗ್ಲೆಂಡಿನ ಸ್ಕನ್‌ಥಾರ್ಪ್ ಅನ್ನುವ ಊರಿನ ಜನರಿಗೆ ಖಾತೆ ತೆರೆಯಲು ಬಿಡಲಿಲ್ಲ. ಆ ಊರಿನ ಹೆಸರಿನ ನಡುವೆ ಇಂಗ್ಲಿಷಿನ ಒಂದು ಕೆಟ್ಟ ಪದದ ಅಕ್ಷರಗಳು ಸಾಲಾಗಿ ಬಂದುಬಿಡುತ್ತವೆ, ಅದೇ ತಪ್ಪು. ಇವತ್ತಿಗೂ ಈ ತೊಂದರೆಗೆ ಆ ಊರಿನ ಹೆಸರೇ ಇದೆ. ನಮ್ಮ ಹತ್ತನೇ ತರಗತಿ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠ ಇದೆ ಅಲ್ವಾ? ಪದ ನೋಡಿ ಬಾಗಿಲು ಮುಚ್ಚುವ ಕಾವಲುಗಾರನಿಗೆ ಪಾಠ ಯಾವುದು, ಹೊಲಸು ಯಾವುದು ಅಂತ ಹೇಗೆ ಗೊತ್ತಾಗಬೇಕು?

ಸರಿ. ಈಗ ನಾನು ಹೇಳಬೇಕು ಅಂತ ಕಾದಿದ್ದ ಕಥೆ. ಇದಕ್ಕೆ ಸ್ವಲ್ಪ ಜಾಸ್ತಿ ಟೈಮ್ ತಗೋತೀನಿ.

[ಪರದೆ ಮೇಲೆ: ಕೋಣೆ ತುಂಬ ಹರಡಿದ ಹಳೆಯ ದೊಡ್ಡ ಕಂಪ್ಯೂಟರ್, ಪಂಚ್ ಕಾರ್ಡುಗಳು]

ಅಮೆರಿಕದ ಎಂಐಟಿ ಅನ್ನುವ ವಿಶ್ವವಿದ್ಯಾಲಯ. 1960ರ ದಶಕದ ಶುರು. ಒಂದು ಕಂಪ್ಯೂಟರ್ ಅಂದರೆ ಒಂದು ಇಡೀ ಕೋಣೆ. ಅದನ್ನು ಒಬ್ಬರಾದ ಮೇಲೆ ಒಬ್ಬರು ಬಳಸಬೇಕಿತ್ತು. ಫರ್ನಾಂಡೊ ಕೊರ್ಬಾಟೊ ಅನ್ನುವ ವಿಜ್ಞಾನಿ ಮತ್ತು ಅವರ ತಂಡ, ಒಂದೇ ಯಂತ್ರವನ್ನು ಒಂದೇ ಹೊತ್ತಿಗೆ ಹಲವರು ಹಂಚಿಕೊಳ್ಳುವ ವ್ಯವಸ್ಥೆ ಕಟ್ಟಿದರು. ಹೆಸರು ಸಿಟಿಎಸ್‌ಎಸ್. 1961ರ ನವೆಂಬರಿನಲ್ಲಿ ಅದನ್ನು ಮೊದಲ ಸಲ ತೋರಿಸಿದರು. ಹಲವರು ಹಂಚಿಕೊಳ್ಳುತ್ತಾರೆ ಅಂದಮೇಲೆ ಒಬ್ಬರ ಫೈಲ್ ಇನ್ನೊಬ್ಬರ ಕೈಗೆ ಸಿಗಬಾರದು. ಅದಕ್ಕೆ ಪ್ರತಿಯೊಬ್ಬರಿಗೂ ಒಂದು ಗುಟ್ಟಿನ ಪದ ಕೊಟ್ಟರು. ಇವತ್ತು ನಾವು ದಿನಕ್ಕೆ ಹತ್ತು ಸಲ ಹೊಡೆಯುವ ಪಾಸ್‌ವರ್ಡ್ ಕಂಪ್ಯೂಟರಿಗೆ ಬಂದದ್ದು ಹೀಗೆ ಅಂತ ಹೇಳುತ್ತಾರೆ.

ಅಲ್ಲಿ ಆ್ಯಲನ್ ಶೆರ್ ಅನ್ನುವ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ ಇದ್ದ. ಅವನಿಗೆ ಕೊಟ್ಟದ್ದು ವಾರಕ್ಕೆ 4 ಗಂಟೆ. ಅವನ ಸಂಶೋಧನೆಗೆ ಅದು ಯಾವ ಮೂಲೆಗೂ ಸಾಲುತ್ತಿರಲಿಲ್ಲ. 1962ರಲ್ಲಿ ಅವನು ಒಂದು ವಿಷಯ ಗಮನಿಸಿದ. ಪಂಚ್ ಕಾರ್ಡಿನಲ್ಲಿ, ಅಂದರೆ ತೂತು ಹೊಡೆದು ಕಂಪ್ಯೂಟರಿಗೆ ಕೆಲಸ ಹೇಳುವ ಕಾರ್ಡಿನಲ್ಲಿ, ಫೈಲಿನ ಹೆಸರು ಕೊಟ್ಟರೆ ಆ ಫೈಲನ್ನು ಪ್ರಿಂಟ್ ಮಾಡಿ ಇಡುತ್ತಾರೆ. ಎಲ್ಲರ ಪಾಸ್‌ವರ್ಡ್ ಇರುವುದೂ ಒಂದು ಫೈಲಿನಲ್ಲೇ ಅಲ್ವಾ? ಒಂದು ಶುಕ್ರವಾರ ರಾತ್ರಿ ಅದನ್ನೇ ಪ್ರಿಂಟ್ ಮಾಡಿ ಅಂತ ಕಾರ್ಡ್ ಹಾಕಿದ. ಶನಿವಾರ ಬೆಳಗಿನ ಜಾವ ಹೋದ. ಕಾಗದ ಕಾದಿತ್ತು.

ಬೀಗ ಹಾಕಿ ಇನ್ನೂ ಸರಿಯಾಗಿ ಒಂದು ವರ್ಷ ತುಂಬಿತ್ತೋ ಇಲ್ಲವೋ, ಅದನ್ನು ದಾಟಿದವನು ಒಬ್ಬ ವಿದ್ಯಾರ್ಥಿ. ಯಾಕೆ ದಾಟಿದ ಅನ್ನುವುದು ಮುಖ್ಯ. ದುಡ್ಡಿಗಲ್ಲ, ಯಾರನ್ನೋ ಕಾಡಲಿಕ್ಕಲ್ಲ. ಓದಲು ಇನ್ನಷ್ಟು ಹೊತ್ತು ಬೇಕಿತ್ತು. ತಪ್ಪು ತನ್ನೊಬ್ಬನ ತಲೆ ಮೇಲೆ ಬರಬಾರದು ಅಂತ ಆ ಪಾಸ್‌ವರ್ಡುಗಳನ್ನು ಬೇರೆಯವರಿಗೂ ಹಂಚಿದ. ಅವನು ಇದನ್ನು ಒಪ್ಪಿಕೊಂಡದ್ದು ಸುಮಾರು 25 ವರ್ಷ ಆದಮೇಲೆ.

ಇದೇ ಜಾಡಿನ ಇನ್ನೊಂದು. 1968, ಅಮೆರಿಕದ ಸಿಯಾಟಲ್. ಲೇಕ್‌ಸೈಡ್ ಅನ್ನುವ ಶಾಲೆಗೆ ತಾಯಂದಿರ ಸಂಘ ಹಳೆ ಸಾಮಾನು ಮಾರಿ ಬಂದ ದುಡ್ಡಿನಲ್ಲಿ ಒಂದು ಟೆಲಿಟೈಪ್, ಅಂದರೆ ದೂರದ ಕಂಪ್ಯೂಟರಿಗೆ ಫೋನ್ ತಂತಿಯಲ್ಲಿ ಜೋಡಿಸುವ ಟೈಪ್ ಯಂತ್ರ, ಕೊಡಿಸಿತು, ಕಂಪ್ಯೂಟರ್ ಹೊತ್ತನ್ನು ಬಾಡಿಗೆಗೆ ಕೊಂಡಿತು. ಮಕ್ಕಳು ಆ ಹೊತ್ತನ್ನು ಬೇಗ ಮುಗಿಸಿಬಿಟ್ಟರು. ಆಮೇಲೆ ಕಂಪ್ಯೂಟರ್ ಕಂಪನಿಯ ಸಾಫ್ಟ್‌ವೇರಿನಲ್ಲಿ ತೂತು ಹುಡುಕಿ ಬಿಟ್ಟಿ ಹೊತ್ತು ಗಿಟ್ಟಿಸಿಕೊಂಡರು. ಸಿಕ್ಕಿಬಿದ್ದರು. ಕಂಪನಿ ಅವರನ್ನು ಹೊರಗಿಟ್ಟಿತು. ಆದರೆ ಆಮೇಲೆ ಅದೇ ಕಂಪನಿ ಅವರನ್ನು ಕರೆದು, ನಮ್ಮ ಸಾಫ್ಟ್‌ವೇರಿನ ತಪ್ಪುಗಳನ್ನು ಹುಡುಕಿಕೊಡಿ, ಬದಲಿಗೆ ಬೇಕಾದಷ್ಟು ಹೊತ್ತು ಕೂತುಕೊಳ್ಳಿ ಅಂದಿತು. ಆ ಹುಡುಗರಲ್ಲಿ ಇಬ್ಬರ ಹೆಸರು ಬಿಲ್ ಗೇಟ್ಸ್ ಮತ್ತು ಪಾಲ್ ಆ್ಯಲನ್. ಮುಂದೆ ಮೈಕ್ರೋಸಾಫ್ಟ್ ಕಟ್ಟಿದವರು.

ನಿಯಮ ಮುರಿದರೆ ದೊಡ್ಡವರಾಗುತ್ತೀರಿ ಅಂತ ಹೇಳಲು ಈ ಕಥೆ ಹೇಳಲಿಲ್ಲ. ಎರಡೂ ಕಡೆ ಜಗಳ ನಡೆದದ್ದು ಯಾವುದಕ್ಕೆ ಅನ್ನುವುದನ್ನು ನೋಡಿ. ಏನು ನೋಡಬೇಕು ಅನ್ನುವುದಕ್ಕಲ್ಲ. ಎಷ್ಟು ಹೊತ್ತು ಅನ್ನುವುದಕ್ಕೆ.

[ಪರದೆ ಮೇಲೆ: ಒಂದು ಕಂಪ್ಯೂಟರ್, ಸುತ್ತ ನಾಲ್ಕು ಸ್ಟೂಲ್]

ಈಗ ನಮ್ಮ ಕಡೆ ಬನ್ನಿ. ಆ ಹುಡುಗನನ್ನು ಕೇಳಿದೆ. ವಾರಕ್ಕೆ ಒಂದು ಪೀರಿಯಡ್. 40 ನಿಮಿಷ. ಒಂದು ಕಂಪ್ಯೂಟರಿಗೆ 4 ಮಂದಿ. ಲೆಕ್ಕ ಹಾಕಿ, ತಲೆಗೆ 10 ನಿಮಿಷ. ಅದರಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಯುಪಿಎಸ್ ಆನ್ ಮಾಡಬೇಕು, ಕಂಪ್ಯೂಟರ್ ಏಳುವವರೆಗೆ ಕಾಯಬೇಕು. ಕರೆಂಟ್ ಹೋದರೆ ಆ ವಾರ ಮುಗಿಯಿತು. ಆ್ಯಲನ್ ಶೆರ್‌ಗೆ ಸಾಲಲಿಲ್ಲ ಅಂದದ್ದು 240 ನಿಮಿಷ. ನಮ್ಮ ಹುಡುಗನದು 10. ಆ ಹತ್ತರಲ್ಲಿ ಬೆಳಕಿನ ವಕ್ರೀಭವನ ಹುಡುಕಲು ಹೋದರೆ "ಈ ಪುಟ ತಡೆಯಲಾಗಿದೆ" ಅಂತ ಬರುತ್ತದೆ. ಅವನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?

ನಾನು ಏನು ಮಾಡಿದೆ ಅಂತ ಹೇಳುತ್ತೇನೆ. ನಾನು ಓದಿದ್ದು ವಿಜಯಪುರ ಜಿಲ್ಲೆಯ ಒಂದು ಹೈಸ್ಕೂಲು. 8 ಕಂಪ್ಯೂಟರ್, ಎಲ್ಲಕ್ಕೂ ಬಟ್ಟೆಯ ಹೊದಿಕೆ, ಕೀಲಿ ಸರ್ ಜೇಬಿನಲ್ಲಿ. ನಾವು ಮೂವರು ಹುಡುಗಿಯರು ಸೇರಿ ಗೋಡೆ ಪತ್ರಿಕೆ ಮಾಡುತ್ತಿದ್ದೆವು. ಅದನ್ನು ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ಅಂಟಿಸಬೇಕು ಅಂತ ನಮಗೆ ಬಹಳ ಆಸೆ. ನಮ್ಮ ಪಾಳಿಯ ಹೊತ್ತಿನಲ್ಲಿ ನಾಲ್ಕು ಸಾಲು ಟೈಪ್ ಆಗುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಒಂದು ದಿನ ಸರ್ ಪಾಸ್‌ವರ್ಡ್ ಹೊಡೆಯುವಾಗ ಅವರ ಬೆರಳು ನೋಡಿಕೊಂಡೆ. ಊಟದ ಬಿಡುವಿನಲ್ಲಿ ಲ್ಯಾಬ್ ತೆರೆದಿದ್ದಾಗ ಒಳಗೆ ಹೋಗಿ ಟೈಪ್ ಮಾಡಿದೆವು. ಗೆಳತಿಯರಿಗೂ ಪಾಸ್‌ವರ್ಡ್ ಹೇಳಿದೆ. ಶೆರ್ ಹಂಚಿದ ಹಾಗೆಯೇ. ಅವರು ಇನ್ನಿಬ್ಬರಿಗೆ ಹೇಳಿದರು. ಒಂದು ವಾರದಲ್ಲಿ ಯಾರೋ ಒಂದು ಫೋಲ್ಡರ್ ಅಳಿಸಿಬಿಟ್ಟರು. ಒಂಬತ್ತನೇ ಕ್ಲಾಸಿನವರ ವರ್ಷದ ಕೆಲಸ ಅದರಲ್ಲಿತ್ತು. ಲ್ಯಾಬಿಗೆ ಒಂದು ತಿಂಗಳು ಬೀಗ ಬಿತ್ತು, ಎಲ್ಲರಿಗೂ. ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ನನ್ನ ಹತ್ತಿರ ಬಂದು "ಅಕ್ಕಾ, ನಂದೂ ಹೋತು" ಅಂದಳು. ಅವಳಿಗೆ ನಾನು ಮಾಡಿದ್ದು ಗೊತ್ತಿರಲಿಲ್ಲ. ಆ ಮಾತು ಇನ್ನೂ ಕಿವಿಯಲ್ಲಿದೆ.

ಹಾಗಾಗಿ ಬೀಗ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಹಂಚಿಕೊಂಡ ಯಂತ್ರಕ್ಕೆ ಬೀಗ ಬೇಕು. ಆದರೆ ಅದನ್ನು ಯಾಕೆ ಹಾಕಿದ್ದೇವೆ ಅಂತ ಮಕ್ಕಳಿಗೆ ಹೇಳಬೇಕು. ನಮಗೆ ಯಾರೂ ಹೇಳಿರಲಿಲ್ಲ.

ಟೈಮ್ ಆಗುತ್ತಾ ಬಂತು, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಒಂದು, ಬಿಟ್ಟಿ ಪ್ರಾಕ್ಸಿ ಸೈಟುಗಳು ಮತ್ತು ಬಿಟ್ಟಿ ವಿಪಿಎನ್. ದಯವಿಟ್ಟು ಇವುಗಳಿಂದ ದೂರ ಇರಿ. ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಹೋಗಿದ್ದೀರಿ ಅಲ್ವಾ? ಗೋಡೆಗೆ ಬಾಯಿ ಇಟ್ಟು ಮೆಲ್ಲಗೆ ಹೇಳಿದ್ದು ಆಚೆ ಬದಿಯಲ್ಲಿ ಕೂತವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಪ್ರಾಕ್ಸಿ ಸೈಟ್ ಕೂಡ ಅಂಥದ್ದೇ ಗೋಡೆ. ನೀವು ಶಾಲೆಯಿಂದ ಬಚ್ಚಿಟ್ಟು ಹೇಳಿದ್ದೆಲ್ಲ ಆಚೆ ಕೂತ ಗುರುತಿಲ್ಲದವನ ಕಿವಿಗೆ ಬೀಳುತ್ತದೆ. ಅದರ ಮೂಲಕ ಜಿಮೇಲ್‌ಗೋ ಇನ್‌ಸ್ಟಾಗ್ರಾಂಗೋ ಲಾಗಿನ್ ಆದರೆ ಪಾಸ್‌ವರ್ಡ್ ಕೂಡ ಅವನ ಕೈಗೆ ಹೋಗಬಹುದು. ಎರಡು, ಬ್ರೌಸರಿನಲ್ಲಿ ಬೀಗದ ಚಿತ್ರ ಇದ್ದರೆ ಯಾರಿಗೂ ಏನೂ ಕಾಣುವುದಿಲ್ಲ ಅನ್ನುವುದು ತಪ್ಪು ತಿಳುವಳಿಕೆ. ಒಳಗಿನ ಮಾತು ಮುಚ್ಚಿರುತ್ತದೆ, ಆದರೆ ಯಾವ ಸೈಟಿಗೆ ಹೊರಟಿದ್ದೀರಿ ಅನ್ನುವುದು ಸಾಮಾನ್ಯವಾಗಿ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಕಾಣುತ್ತದೆ. ಮೂರು, ಕಾನೂನು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಂ, ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಕಂಪ್ಯೂಟರಿಗೆ ನುಗ್ಗುವುದರ ಬಗ್ಗೆಯೇ ಇವೆ. ಪಾಠದ ವಿಡಿಯೋ ನೋಡಲು ಹೋದ ಮಗುವಿಗೆ ಇದನ್ನು ತೋರಿಸಿ ಹೆದರಿಸುವುದು ನನಗೆ ಒಪ್ಪಿಗೆ ಇಲ್ಲ. ಆದರೆ ಬೇರೆಯವರ ಪಾಸ್‌ವರ್ಡ್ ಕದಿಯುವುದು ಆಟ ಅಲ್ಲ ಅನ್ನುವುದು ಗೊತ್ತಿರಲಿ.

ಕ್ರೋಮ್ ಬ್ರೌಸರಿನ ಡೈನೋಸಾರ್ ಬಗ್ಗೆಯೂ ಹೇಳಬೇಕಿತ್ತು. ನೆಟ್ ಹೋದಾಗ ಬರುವ ಆ ಆಟ 2014ರಲ್ಲಿ ಬಂತು. ಶಾಲೆಗಳಲ್ಲಿ ಮಕ್ಕಳು ಅದನ್ನೇ ಆಡುತ್ತಾ ಕೂತರು ಅಂತ ಗೂಗಲ್ ಅದನ್ನೂ ಬಂದ್ ಮಾಡುವ ಸೆಟ್ಟಿಂಗ್ ಕೊಡಬೇಕಾಯಿತು. ಅದಕ್ಕೆ ಬೇರೆ ವಿಡಿಯೋ ಮಾಡುತ್ತೇನೆ.

ಜಮಖಂಡಿ ಹುಡುಗನಿಗೆ ನಾನು ಯಾವ ತಂತ್ರವನ್ನೂ ಹೇಳಿಕೊಡಲಿಲ್ಲ. ಬೇಕಾದ ಪಾಠಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದು ನಿಮ್ಮ ವಿಜ್ಞಾನದ ಸರ್‌ಗೆ ಕೊಡು, ಯೂಟ್ಯೂಬ್ ಪೂರ್ತಿ ತೆರೆಯುವುದು ಬೇಡ, ಇಷ್ಟನ್ನು ಮಾತ್ರ ತೋರಿಸಿ ಅಂತ ಕೇಳು ಅಂದೆ. ಮೊನ್ನೆ ಉತ್ತರ ಬಂತು. "ಸರ್ ತಮ್ ಮೊಬೈಲ್‌ನಿಂದ ಹಚ್ಚಿ ತೋರ್ಸಿದ್ರ್ರಿ. ಶನಿವಾರ ಸಾಲಿ ಬಿಟ್ಟಮ್ಯಾಲ ಒಂದ್ ತಾಸ್ ಲ್ಯಾಬ್ ತಗದ್ ಇಡ್ತೀನಿ ಅಂದಾರ್ರಿ." ಒಂದು ತಾಸು ಅಂದರೆ 60 ನಿಮಿಷ. ಹತ್ತರಿಂದ ಅರವತ್ತು.

ನಿಮ್ಮ ಶಾಲೆಯಲ್ಲಿ ಎಷ್ಟು? ಒಂದು ಪೀರಿಯಡ್ಡಿಗೆ ಎಷ್ಟು ನಿಮಿಷ, ಒಂದು ಕಂಪ್ಯೂಟರಿಗೆ ಎಷ್ಟು ಮಂದಿ, ಭಾಗಿಸಿ ಬರುವ ಉತ್ತರವನ್ನು ಕೆಳಗೆ ಬರೆಯಿರಿ. ಶಾಲೆಯ ಹೆಸರು ಬೇಡ, ನಿಮ್ಮ ಹೆಸರೂ ಬೇಡ. ನಿಮಿಷ ಮಾತ್ರ ಸಾಕು.