ಯಾವ ಗಾಳಿ ಮರ ಕೆಡವಿತು?

ಬೆಳೆಗಾರ ಬಂಧುಗಳೇ, ವಿದ್ಯಾರ್ಥಿ ಮಿತ್ರರೇ, ಎಲ್ಲರಿಗೂ ನಮಸ್ಕಾರ.

ಅಶ್ವಿನಿ, ಭರಣಿ ಮಳೆಗಳು ಗುಡುಗು ಸಿಡಿಲಿನೊಂದಿಗೆ ಬಂದು ಹೋದ ಮರುದಿನ ಚಿಕ್ಕಮಗಳೂರಿನ ತೋಟಗಳಲ್ಲಿ ಸಿಲ್ವರ್ ಓಕ್ ಮುರಿದಿರುತ್ತವೆ, ಅಡಿಕೆ ಮರಗಳು ನೆಲ ಕಚ್ಚಿರುತ್ತವೆ, ಲೈನ್ ಮನೆಗಳ ಶೀಟು ಹಾರಿರುತ್ತವೆ. ಸುಂಟರಗಾಳಿ ಬೀಸಿತು ಎನ್ನುತ್ತೇವೆ. ಬಹುಪಾಲು ಸಲ ಬೀಸಿದ್ದು ಬೇರೆಯೇ ಗಾಳಿ. ಅದಕ್ಕೆ ಸಾಕ್ಷಿ ಬಿದ್ದ ಮರಗಳಲ್ಲೇ ಇರುತ್ತದೆ.

ಕಡೂರಿನ ಬಯಲಲ್ಲಿ ಮಾರ್ಚ್ ತಿಂಗಳ ಮಧ್ಯಾಹ್ನ ಏಳುವ ಧೂಳಿನ ಸುಳಿ ನೀವೆಲ್ಲ ಕಂಡದ್ದೇ. ಅದಕ್ಕೆ ಮೋಡ ಬೇಡ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಏಳುತ್ತದೆ, ಸುತ್ತಲಿನ ಗಾಳಿ ಆ ಜಾಗಕ್ಕೆ ನುಗ್ಗುತ್ತಾ ಸುತ್ತುತ್ತದೆ. ಎಡಕ್ಕೂ ತಿರುಗೀತು, ಬಲಕ್ಕೂ ತಿರುಗೀತು. ತರಗೆಲೆ ಎತ್ತಿ, ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಅಡಗುತ್ತದೆ.

ಮೋಡದಿಂದ ನೆಲದವರೆಗೆ ಚಾಚುವ ಭೀಕರ ಸುಂಟರಗಾಳಿಯಾದ ಟೊರ್ನಾಡೊ ಹುಟ್ಟುವ ಬಗೆಯೇ ಬೇರೆ. ಅದಕ್ಕೆ ಮೇಲೆ ಗುಡುಗು ಮೋಡ ಇರಲೇಬೇಕು. ಅತಿ ಬಲವಾದ ಟೊರ್ನಾಡೊಗಳು ಹುಟ್ಟುವಲ್ಲಿ ನೆಲದ ಹತ್ತಿರದ ಗಾಳಿ ಒಂದು ದಿಕ್ಕಿಗೆ, ಮೇಲಿನದು ಇನ್ನೊಂದು ದಿಕ್ಕಿಗೆ, ಹೆಚ್ಚು ವೇಗದಲ್ಲಿ ಬೀಸುತ್ತಿರುತ್ತದೆ. ಎರಡರ ನಡುವಿನ ಗಾಳಿ ಅಡ್ಡಡ್ಡ ಉರುಳತೊಡಗುತ್ತದೆ. ಮೋಡದೊಳಗೆ ಏರುವ ಗಾಳಿ ಆ ಉರುಳುವಿಕೆಯನ್ನು ನೆಟ್ಟಗೆ ನಿಲ್ಲಿಸುತ್ತದೆ. ಸುಳಿ ಕಿರಿದಾದಷ್ಟೂ ವೇಗ ಏರುತ್ತದೆ. ಅತ್ಯಂತ ಭೀಕರ ದರ್ಜೆಯವುಗಳಲ್ಲಿ ಗಾಳಿ ಗಂಟೆಗೆ 320 ಕಿ.ಮೀ. ದಾಟುತ್ತದೆ. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ದೌಲತ್‌ಪುರ–ಸಾಟುರಿಯಾ ಪ್ರದೇಶದಲ್ಲಿ ಒಂದೇ ಟೊರ್ನಾಡೊಗೆ ಸುಮಾರು 1,300 ಜನ ಬಲಿಯಾದರು. ಆ ಸಂಖ್ಯೆ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಚಂಡಮಾರುತವನ್ನು ಇವುಗಳ ಜೊತೆ ಸೇರಿಸಲೇಬಾರದು. ಅದು ಬೆಚ್ಚಗಿನ ಸಮುದ್ರದ ಮೇಲೆ ಹುಟ್ಟಿ, ನೂರಾರು ಕಿ.ಮೀ. ಹರಡಿ, ದಿನಗಟ್ಟಲೆ ಬದುಕುವಂಥದ್ದು. 2021ರ ಮೇ ತಿಂಗಳ ತೌಕ್ತೆ ನಮ್ಮ ಕರಾವಳಿಗುಂಟ ಅರಬ್ಬಿ ಸಮುದ್ರದಲ್ಲೇ ಸಾಗಿ ಗುಜರಾತಿನಲ್ಲಿ ನೆಲ ಮುಟ್ಟಿತು.

ಹಾಗಾದರೆ ನಮ್ಮ ತೋಟದ ಮರ ಕೆಡವುವುದು ಯಾವುದು? ಹೆಚ್ಚಾಗಿ, ಮೋಡದಿಂದ ಕೆಳಕ್ಕೆ ಧುಮುಕುವ ಗಾಳಿ. ಮಳೆಹನಿ ಆವಿಯಾಗುತ್ತಾ, ಆಲಿಕಲ್ಲು ಕರಗುತ್ತಾ ಸುತ್ತಲಿನ ಗಾಳಿಯನ್ನು ತಣಿಸುತ್ತವೆ. ತಣಿದ ಗಾಳಿ ಭಾರವಾಗಿ ಕುಸಿಯುತ್ತದೆ. ಕೊಡದ ನೀರನ್ನು ಅಂಗಳಕ್ಕೆ ಸುರಿದಾಗ ಅದು ನಾಲ್ಕೂ ಕಡೆ ಚಿಮ್ಮುವಂತೆ ನೆಲಕ್ಕೆ ಬಡಿದು ಹೊರಕ್ಕೆ ನುಗ್ಗುತ್ತದೆ. ಮಳೆಗೆ ಮೊದಲೇ ಮೈಗೆ ತಾಗುವ ತಣ್ಣನೆಯ ಗಾಳಿ ಇದೇ. ಇದರ ಅತಿ ಬಿರುಸಿನ ರೂಪ ಗಂಟೆಗೆ 200 ಕಿ.ಮೀ.ಯನ್ನೂ ಮೀರಬಲ್ಲದು.

ಇದನ್ನು ಗುರುತಿಸಿದವರು ಜಪಾನಿನಲ್ಲಿ ಹುಟ್ಟಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ದುಡಿದ ಟೆಟ್ಸುಯಾ ಫುಜಿಟಾ. ಟೊರ್ನಾಡೊಗಳ ಬಲ ಅಳೆಯುವ ದರ್ಜೆಗಳನ್ನು 1971ರಲ್ಲಿ ರೂಪಿಸಿದವರೂ ಅವರೇ. 1974ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಟೊರ್ನಾಡೊಗಳ ಸರಣಿಯೇ ಎರಗಿತು. ಹಾನಿಯಾದ ಕಾಡುಗಳ ಮೇಲೆ ವಿಮಾನದಲ್ಲಿ ಹಾರಿದ ಫುಜಿಟಾ, ಒಂದೆಡೆ ಮರಗಳು ಒಂದು ನಡುಬಿಂದುವಿನಿಂದ ಹೊರಕ್ಕೆ ಮಲಗಿದ್ದನ್ನು ಕಂಡರು. ಅಂಥದ್ದೇ ನೋಟವನ್ನು ಅವರು 1945ರಲ್ಲಿ ಅಣುಬಾಂಬ್ ಬಿದ್ದ ಜಾಗಗಳಲ್ಲಿ ಕಂಡಿದ್ದರು. ಇಲ್ಲಿ ಬಡಿತ ಮೇಲಿಂದ ಬಂದಿದೆ ಎಂದು ಅವರಿಗೆ ಹೊಳೆಯಿತು. ಬೇರೆ ವಿಜ್ಞಾನಿಗಳು ಬಹುಕಾಲ ಒಪ್ಪಲಿಲ್ಲ. ಇಂದು ವಿಮಾನ ನಿಲ್ದಾಣಗಳಲ್ಲಿ ಈ ಗಾಳಿಯ ಮೇಲೆ ಕಣ್ಣಿಡುವ ರೇಡಾರ್‌ಗಳಿವೆ. ಬಿದ್ದ ಮರಗಳನ್ನು ಅಷ್ಟು ಶ್ರದ್ಧೆಯಿಂದ ನೋಡಿದ ಆ ಮನುಷ್ಯನ ಬಗ್ಗೆ ನನಗೆ ಅಪಾರ ಗೌರವ.

ನಮ್ಮ ತೋಟದಲ್ಲೂ ಹಾಗೆಯೇ ನೋಡಬಹುದು. ಮರಗಳು ಒಂದೇ ದಿಕ್ಕಿಗೆ, ಇಲ್ಲವೇ ಒಂದು ಜಾಗದಿಂದ ಹೊರಕ್ಕೆ ಚೆದುರಿ ಬಿದ್ದಿದ್ದರೆ ಧುಮುಕಿದ ಗಾಳಿ. ಕಿರಿದಾದ ಒಂದು ಪಟ್ಟಿಯಲ್ಲಿ ಮಾತ್ರ, ತುದಿಗಳು ಒಳಮುಖವಾಗಿ, ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದಿದ್ದರೆ ಟೊರ್ನಾಡೊ ಎಂದು ಶಂಕಿಸಬಹುದು. ಪುಷ್ಯ ಮಳೆಯಲ್ಲಿ ಅಲ್ಲೊಂದು ಇಲ್ಲೊಂದು ಬುಡಸಮೇತ ಪೂರ್ವಕ್ಕೆ ಒರಗಿದ ಮರ, ನೆನೆದ ಮಣ್ಣು ಮತ್ತು ಮುಂಗಾರಿನ ಪಡುವಣ ಗಾಳಿಯ ಕೆಲಸ. ಕಣಿವೆಗಳಲ್ಲಿ ಗಾಳಿಯ ದಿಕ್ಕು ತಿರುಗುವುದರಿಂದ ಒಂದೆರಡು ಮರ ನೋಡಿ ತೀರ್ಮಾನಿಸಬೇಡಿ.

ಇನ್ನು ತೋಟದ ಕೆಲಸಕ್ಕೆ ಬರೋಣ. ಗುಡುಗು ಕೇಳಿದ ಕೂಡಲೇ ಮರಗಸಿ ಮಾಡುವವರು, ಅಂದರೆ ನೆರಳಿನ ಮರಗಳ ಕೊಂಬೆ ಸವರುವವರು, ಏಣಿಯಿಂದ ಇಳಿಯಲಿ. ತಣ್ಣನೆಯ ಗಾಳಿ ತಾಗುವವರೆಗೆ ಕಾಯಬಾರದು, ಆಗ ಉಳಿಯುವ ಸಮಯ ತೀರಾ ಕಡಿಮೆ. ಯಾರೂ ಸಿಲ್ವರ್ ಓಕ್ ಕೆಳಗೆ ನಿಲ್ಲಬಾರದು. ಮಳೆ ನಿಂತ ಮೇಲೆ, ಗರಗಸ ಹಾಕಿಸುವ ಮೊದಲು, ಪ್ರತಿ ಮರದ ಬುಡದಿಂದ ತುದಿಯ ಕಡೆಗೆ ಒಂದೊಂದು ಫೋಟೊ ತೆಗೆದು, ಮೊಬೈಲಿನ ದಿಕ್ಸೂಚಿಯಲ್ಲಿ ದಿಕ್ಕು ನೋಡಿ ಬರೆದಿಡಿ. ಗಾಳಿ ಎಷ್ಟು ಹೊತ್ತಿಗೆ ಬಂತು, ಆಲಿಕಲ್ಲು ಬಿತ್ತೇ ಎಂಬುದನ್ನೂ ಬರೆಯಿರಿ.